ಬೀಗಿತ್ತಿ ಕುಡಿಯದ ಪಾನಕ

ಇವತ್ತು ಮಾನ ಹೋಯಿತು ಮಾರಾಯ್ರೆ. ಬಾಹ್ಯಾಕಾಶ ನೌಕೆಯಲ್ಲಿ ಉಚ್ಚೆ ಎಲ್ಲಿ ಹೊಯ್ಯುತ್ತಾರೆಂದು ನೋಡಹೋಗಿ, ಪಂಪು, ಪೈಪು, ಸೋಸುವ ಯಂತ್ರ ಎಂದು ಒಂದರ ಹಿಂದೊಂದು ವಿಡಿಯೊ ನೋಡುತ್ತ ಬೆಳಗೆಲ್ಲ ಕಳೆದೆ. ಅರ್ಧ ತಿಳಿಯಲಿಲ್ಲ, ಬಿಡಲೂ ಆಗಲಿಲ್ಲ. ಆಗಲೇ ಮಗಳ ಅತ್ತೆ ಕಾನಸೂರಿನಿಂದ ಬಿಸಿಲಲ್ಲಿ ಬಂದರು. ಬಂದವರಿಗೆ ಮೊದಲು ‘ಆಸರಿಗೆ ಬೇಕಾ’ ಎಂದು ಬಾಯಾರಿಕೆ ಕೇಳಿ ಕುಡಿಯಲು ಕೊಡುವುದು ನಮ್ಮ ಪದ್ಧತಿ. ನಾನೋ, "ಅತ್ಗೆ, ಅಲ್ಲಿಪ್ಪವು ಉಚ್ಚೆನೇ ಸೋಸಿ ಕುಡಿತ್ವಡ!" ಎಂದು ಶುರು ಮಾಡಿ ಯಂತ್ರವನ್ನೆಲ್ಲ ವರ್ಣಿಸಿದೆ.

ಸೊಸೆ ಒಳಗಿನಿಂದ, "ಅತ್ತೆ, ಆಸ್ರಿಗೆ ಕೇಳಿದ್ರಾ?" ಎಂದಳು. ನಾಚಿಕೆಯಿಂದ ಓಡಿಹೋಗಿ ಲಿಂಬೆ ಪಾನಕ ತಂದೆ. ಬೀಗಿತ್ತಿ ಲೋಟದೊಳಗಿನ ಹಳದಿ ನೋಡಿದರು, ನನ್ನ ಮುಖ ನೋಡಿದರು. "ಬ್ಯಾಡ ಅತ್ಗೆ, ಆಸರೆಲ್ಲ ಹೋತು," ಎಂದು ಲೋಟ ಕೆಳಗಿಟ್ಟರು.

ವಿಜ್ಞಾನಿಗಳು ಉಚ್ಚೆಯನ್ನು ಕುಡಿಯುವ ನೀರು ಮಾಡಿದರು. ನಾನು ಒಳ್ಳೆಯ ಪಾನಕವನ್ನು ಉಚ್ಚೆ ಮಾಡಿ ಕೂತೆ.