ಗಾಜಿನೊಳಗಿನ ಗುಂಡುಕಲ್ಲು

ತೆಲುಗು ಸೀಮೆಯ ಪಟಾನ್‌ಚೆರು ದಾಟಿ ಒಂದು ಗಂಟೆ ದೂರದ ಆ ಅತಿಥಿಗೃಹಕ್ಕೆ ಅವ್ವನನ್ನು ಕರೆದುಕೊಂಡು ಹೋದದ್ದು ನಾನೇ. ಅಲ್ಲಿನ ಗುಡ್ಡ ನೋಡುವ ಆಸೆ ಅವಳಿಗಿತ್ತು. ಮದುವೆಯಾದ ಹೊಸತರಲ್ಲಿ ಕಲಬುರಗಿ ಕಡೆಯಿಂದ ಬಂದು, ಅಪ್ಪನ ಜೊತೆ ಮೂರು ವರ್ಷ ಅಲ್ಲೇ ಕಲ್ಲು ಒಡೆದವಳು ಅವಳು.

ಬೆಳಿಗ್ಗೆ ‘ಹಳ್ಳಿಯ ನಡಿಗೆ’. ಟೋಪಿ ಹಾಕಿಕೊಂಡ ಗೈಡ್ ಮುಂದೆ, ನಾವು ಹತ್ತು ಜನ ಹಿಂದೆ. ಗೇಟಿನ ಪಕ್ಕ ಹಸಿರು ಪರದೆ ಕಟ್ಟಿ ಹೊಸ ಕಟ್ಟಡ ಎಬ್ಬಿಸುತ್ತಿದ್ದರು. ಪರದೆಯ ಹಿಂದಿನಿಂದ ನಮ್ಮ ಕಡೆಯ ಕನ್ನಡ ಕೇಳಿಸಿ ಅವ್ವ ನಿಂತಳು. “ಅಲ್ಲಿ ನೋಡೋದಕ್ಕೆ ಏನೂ ಇಲ್ಲ” ಎಂದು ಗೈಡ್ ಹಿಂದಿಯಲ್ಲಿ ಅವಸರಪಡಿಸಿದ.

ಕೆರೆ, ಸೀತಾಫಲದ ಪೊದೆ, ನವಿಲು ಎಲ್ಲ ಆಯಿತು. ಕೊನೆಗೆ ಒಂದು ಬಂಡೆ. ಅದರಲ್ಲಿ ಬಟ್ಟಲಿನಂಥ ಕುಳಿ, ಸುತ್ತ ಹಗ್ಗ. ಆದಿಮಾನವರು ಪೂಜೆಗೆ ಕೊರೆದದ್ದು ಎಂದ ಗೈಡ್. ಜನ ಫೋಟೊಗೆ ಮುಗಿಬಿದ್ದರು.

ಅವ್ವ ನನ್ನ ತೋಳು ಹಿಡಿದಳು. “ಇದು ನಮ್ಮ ಒಳ್ಳು. ನಿಮ್ಮಪ್ಪ ಕಡದಿದ್ದು. ರೊಟ್ಟಿಗಿ ಶೇಂಗಾ ಹಿಂಡಿ ಇದರಾಗ ಕುಟ್ಟತಿದ್ವಿ.”

ಇದು ಅವ್ವನ ಒರಳು ಎಂದು ಗೈಡ್‌ಗೆ ಹೇಳಿದೆ. ಅವನು ನಕ್ಕು, ವಯಸ್ಸಾದವರಿಗೆ ಹಾಗೆ ಅನ್ನಿಸುತ್ತದೆ ಎಂದ. ನನ್ನ ಮೈಯೆಲ್ಲ ಉರಿಯಿತು. ಕುಟ್ಟಿದವಳು ಎದುರಿಗೇ ನಿಂತಿದ್ದಾಳೆ, ಇವನಿಗೆ ಸತ್ತ ಆದಿಮಾನವನೇ ಬೇಕು! ಕೈ ಕೆಸರಾದರೆ ಬಾಯಿ ಮೊಸರಂತೆ. ಕೆಸರು ನಮ್ಮದು, ಮೊಸರು ಇವರದು.

ಅವ್ವನಿಗೆ ಜಗಳ ಬೇಕಿರಲಿಲ್ಲ. ಕುಳಿಯೊಳಗೆ ಇಣುಕಿ, “ಗುಂಡುಕಲ್ಲು ಎಲ್ಲೈತಿ?” ಎಂದಳು. ಕೆಲಸ ಮುಗಿದು ಹೊರಡುವಾಗ ಒರಳಲ್ಲಿ ಗುಂಡು ಬಿಟ್ಟು ಹೋಗುವುದು ಕಲ್ಲು ಒಡೆಯುವ ಅವರ ಗುಂಪಿನ ಪದ್ಧತಿ. ಮುಂದೆ ಬರುವವರಿಗೆ ಮೊದಲ ದಿನವೇ ಖಾರ ಕುಟ್ಟಲು ಬೇಕಲ್ಲ. ಅಪ್ಪ ತೀರಿಹೋಗಿದ್ದಾನೆ, ಅವನ ಕೈಯ ಕೆಲಸವೆಂದು ಅವಳಿಗೆ ಉಳಿದದ್ದು ಈ ಒರಳು, ಆ ಗುಂಡು ಅಷ್ಟೇ. “ಒಮ್ಮಿ ಕೈಯಾಗ ಹಿಡೀಬೇಕು” ಎಂದಳು.

ಹುಡುಕಿದರೆ ಅದು ಅತಿಥಿಗೃಹದ ಊಟದ ಕೋಣೆಯಲ್ಲಿತ್ತು. ಗಾಜಿನ ಪೆಟ್ಟಿಗೆ, ಮೇಲೆ ದೀಪ, ಮುಟ್ಟಬಾರದೆಂಬ ಫಲಕ. ಮ್ಯಾನೇಜರನನ್ನು ಬೇಡಿಕೊಂಡೆ. ಪ್ರಾಚೀನ ವಸ್ತು, ಯಾರೂ ಮುಟ್ಟುವಂತಿಲ್ಲ ಎಂದ. “ಮುಟ್ಟಿ ಮುಟ್ಟಿಯೇ ಇಷ್ಟು ನುಣುಪಾಗಿದೆ ಕಣಯ್ಯಾ!” ಎಂದು ಕನ್ನಡದಲ್ಲೇ ಕೂಗಿದೆ. ಅವನಿಗೆ ಅರ್ಥವಾಗಲಿಲ್ಲ. ಕಾವಲುಗಾರನನ್ನು ಕರೆಯಲು ಹೊರಗೆ ಹೋದ.

ನಾನು ಗಾಜಿನ ಮುಚ್ಚಳ ಎತ್ತಿ ಗುಂಡನ್ನು ಅವ್ವನಿಗೆ ಕೊಟ್ಟೆ. ಅದರ ಒಂದು ಬದಿಯಲ್ಲಿ ಸವೆದ ಸಣ್ಣ ತಗ್ಗಿತ್ತು. ಅವಳ ಹೆಬ್ಬೆರಳು ಅಲ್ಲಿ ಹೋಗಿ ಕೂತಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು.

ಚೀಲದಲ್ಲಿ ಹಾಕಿಕೋ, ಮನೆಗೆ ಹೋಗೋಣ ಎಂದೆ. ಅವಳು ಕೇಳಿಸಿಕೊಳ್ಳದೆ ನೇರವಾಗಿ ಗೇಟಿನತ್ತ ನಡೆದು ಹಸಿರು ಪರದೆ ಸರಿಸಿ ಒಳಗೆ ಹೋದಳು. ತಗಡಿನ ಗುಡಿಸಲ ಮುಂದೆ ಒಬ್ಬ ಹೆಂಗಸು ಇಟ್ಟಿಗೆಯ ಮೇಲೆ ಒಣ ಮೆಣಸಿನಕಾಯಿ ಜಜ್ಜುತ್ತಿದ್ದಳು. ಮ್ಯಾನೇಜರ್ ಓಡಿ ಬರುವುದು ಕಂಡಿತು. ನಾನು ಪರದೆಗೆ ಅಡ್ಡ ನಿಂತೆ.

ಹಿಂದಿನಿಂದ ಅವ್ವನ ದನಿ ಕೇಳಿಸಿತು. “ತಗೋ ಯವ್ವಾ. ಒಳ್ಳು ಅಲ್ಲೇ ಗುಡ್ಡದಾಗ ಐತಿ, ಹಗ್ಗ ದಾಟಿ ಹೋಗು. ಊರಿಗಿ ಹೊಂಟಾಗ ಇದನ್ನ ಅದರಾಗೇ ಇಟ್ಟು ಹೋಗು.”