ತೂಗಾಟದ ಪದಗಳೂ ಗೋದಾವರಿಯವರ ಜಗಳವೂ

ಟೆಕ್ಸಾಸಿನ ಕನ್ನಡಿಗರಲ್ಲಿ ವೈದ್ಯರು ಯಾರು, ಎಂಜಿನಿಯರುಗಳು ಯಾರು ಎಂದು ಕೇಳಿದರೆ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಪದಗಳನ್ನೇ ಕಸುಬು ಮಾಡಿಕೊಂಡವರು ಯಾರು ಎಂದರೆ ಮಾತ್ರ ಎಲ್ಲರೂ ಸೀಡರ್ ಪಾರ್ಕಿನ ಒಂದೇ ಮನೆಯ ಕಡೆ ಕೈ ತೋರಿಸುತ್ತಾರೆ. ಆಸ್ಟಿನ್ನಿನ ಕಾಲೇಜೊಂದರಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಈ ಮೇ ತಿಂಗಳಲ್ಲಿ ನಿವೃತ್ತರಾದ ಡಾ. ಗೋದಾವರಿ ಅವರು, ಚಲನೆಯ ಕ್ರಿಯಾಪದಗಳ ಅಧ್ಯಯನದಲ್ಲಿ, ಅದರಲ್ಲೂ ತೂಗುವ, ಓಲಾಡುವ, ಜೋಲಾಡುವ ಪದಗಳ ವಿಚಾರದಲ್ಲಿ, ವಿದ್ವಾಂಸರು ಗೌರವದಿಂದ ಕಾಣುವ ಹೆಸರು. ಇಂಥವರಿಗೆ ಅಭಿನಂದನ ಗ್ರಂಥ ಸಲ್ಲುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಸಂತೋಷದಲ್ಲಿ ಸ್ವತಃ ಅವರ ಪಾಲು ಕಡಿಮೆ ಎಂಬುದನ್ನು ಮುಚ್ಚಿಟ್ಟು ಬರೆದರೆ ಅವರೇ ಈ ಲೇಖನವನ್ನು ತಿದ್ದಿಕೊಂಡು ಬಾ ಎಂದು ಹಿಂದಕ್ಕೆ ಕಳಿಸಿಯಾರು.

ಮೈಸೂರಿನಲ್ಲಿ ಓದಿ, ಮದುವೆಯಾಗಿ ಪತಿ ಸುಧೀಂದ್ರರೊಡನೆ ಇರ್ವಿಂಗಿಗೆ ಬಂದ ಗೋದಾವರಿಯವರು ಮೊದಲು ಡಲ್ಲಾಸಿನ ಸಂಜೆ ಕಾಲೇಜಿನಲ್ಲಿ ವಲಸಿಗರಿಗೆ ಇಂಗ್ಲಿಷ್ ಕಲಿಸಿದರು. ಅಲ್ಲಿಂದ ಆಸ್ಟಿನ್ನಿಗೆ ಬಂದ ಮೇಲೂ ಪಾಠದಲ್ಲಿ ಎಷ್ಟು ಕಟ್ಟುನಿಟ್ಟೋ ಮನುಷ್ಯರ ವಿಷಯದಲ್ಲಿ ಅಷ್ಟೇ ಮೆದು. ಶಿಷ್ಯೆ ಗಾರ್ಗಿ ಕೈಗೂಸನ್ನು ಬಿಟ್ಟುಬರಲು ಯಾರೂ ಇಲ್ಲದೆ ಪರೀಕ್ಷೆಯ ದಿನ ಮಗುವಿನೊಡನೆಯೇ ಬಂದು ನಿಂತಾಗ, ಅದನ್ನು ಎತ್ತಿಕೊಂಡು, ಪರೀಕ್ಷೆ ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ತೊಡೆಯಲ್ಲಿ ತೂಗುತ್ತ ಕುಳಿತವರು ಅವರು. ಗಾರ್ಗಿ ಕಣ್ಣೊರೆಸಿಕೊಂಡು ಥ್ಯಾಂಕ್ಸ್ ಹೇಳಹೋದರೆ, "ಥ್ಯಾಂಕ್ಸ್ ಇರ್ಲಿ, ನಾಲ್ಕನೇ ಪ್ರಶ್ನೆಗೆ ಏನ್ ಬರೆದೆ ಹೇಳು" ಎಂದರಂತೆ.

ಅವರ ಬದುಕಿನ ದೊಡ್ಡ ಕೆಲಸ ಶುರುವಾದದ್ದು ಡಲ್ಲಾಸಿನ ಒಂದು ವಿಚಾರಸಂಕಿರಣದಲ್ಲಿ. ಹ್ಯೂಸ್ಟನ್ನಿನಲ್ಲಿ ಪಾಠ ಹೇಳುತ್ತಿದ್ದ ಸರ್ಬಿಯಾದ ವೆಸ್ನಾ ಅವರು ಇಂಗ್ಲಿಷಿನ ತೂಗಾಟದ ಕ್ರಿಯಾಪದಗಳನ್ನು ಕುರಿತು ತಮ್ಮ ಭಾಷೆಯಲ್ಲಿ ಬರೆದಿದ್ದ ಪುಸ್ತಕದ ಬಗ್ಗೆ ಮಾತನಾಡಿದರು. ತೊಟ್ಟಿಲು, ಉಯ್ಯಾಲೆ, ದೋಣಿ, ಮೂರಕ್ಕೂ ಸರ್ಬಿಯನ್ನರಿಗೆ 'ಲ್ಯುಲ್ಯಾತಿ' ಎಂಬ ಒಂದೇ ಪದ ಸಾಕು. ಇಂಗ್ಲಿಷಿನವರು ತೊಟ್ಟಿಲಿಗೆ ರಾಕ್, ಉಯ್ಯಾಲೆಗೆ ಸ್ವಿಂಗ್ ಎಂದು ಒಡೆದಿಟ್ಟಿದ್ದಾರೆ. ಹಿಂದಿನ ಸಾಲಿನಿಂದ ಗೋದಾವರಿಯವರು ಎದ್ದು ತಕರಾರು ತೆಗೆದರು. ಸಭೆ ಮುಗಿದ ಮೇಲೆ ವೆಸ್ನಾ ತಾವೇ ಹುಡುಕಿಕೊಂಡು ಬಂದು, "ನೀವು ಹೇಳಿದ್ದು ತಪ್ಪು. ಊಟ ಮಾಡ್ತಾ ಯಾಕೆ ಅಂತ ಹೇಳ್ತೀನಿ ಬನ್ನಿ" ಎಂದರು. ಆ ಊಟದಲ್ಲಿಯೇ ಗೆಳೆತನ ಕುದುರಿತು. ಆ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಲೆಂದೇ ಗೋದಾವರಿಯವರು ಸರ್ಬಿಯನ್ ಕಲಿತರು.

ಕನ್ನಡ ಸಂಘದಲ್ಲಿ ಇದೊಂದು ತಮಾಷೆಯ ವಸ್ತುವಾಯಿತು. "ಅಲ್ರಿ ಮೇಡಂ, ಇಂಗ್ಲಿಷ್ ಶಬ್ದಾನ ಸರ್ಬಿಯಾದಿಂದ ಮತ್ತ ಇಂಗ್ಲಿಷಿಗೇ ಕರಕೊಂಡ ಬರ್ತೀರಲ್ಲ, ಅದಕ್ಕೇನ ವೀಸಾ ತ್ರಾಸ ಐತೇನ್ರಿ?" ಎಂದು ಧಾರವಾಡದ ಶ್ರೀಶೈಲ್ ಕಾಲೆಳೆದರೆ, "ನಮ್ಮ ಮನೆ ಹೇಗಿದೆ ಅಂತ ಬೀದಿ ದಾಟಿ ನಿಂತರೇನೇ ಕಾಣೋದು ಶ್ರೀಶೈಲ್" ಎಂದು ಗೋದಾವರಿಯವರು ನಗುತ್ತಿದ್ದರು.

ಗೋದಾವರಿ, ವೆಸ್ನಾ ಇಬ್ಬರೂ ಒಪ್ಪದೆ ಒಂದು ಪದವೂ ಪುಸ್ತಕಕ್ಕೆ ಇಳಿಯಕೂಡದು ಎಂಬುದು ಅವರ ಕಟ್ಟಳೆ. ಆಸ್ಟಿನ್ನಿನಿಂದ ಇವರು, ಹ್ಯೂಸ್ಟನ್ನಿನಿಂದ ಅವರು ಡ್ರೈವ್ ಮಾಡಿಕೊಂಡು ನಡುದಾರಿಯ ಊರೊಂದರ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದರು. ವೆಸ್ನಾರ ಬಾಯಲ್ಲಿ ಸದಾ ಬರುತ್ತಿದ್ದುದು 'ನೇ', ಎಂದರೆ 'ಇಲ್ಲ'. ಇವರು ಎದ್ದು ಕುಡುಕನಂತೆ ತೂರಾಡಿ ತೋರಿಸಿದರೂ 'ನೇ'. ಕೈಚೀಲವನ್ನು ಬೆರಳಿಗೆ ಸಿಕ್ಕಿಸಿ ಜೋಲಾಡಿಸಿದರೂ 'ನೇ'. ಅಂಗಡಿಯವರು ಕಾಫಿ ತುಂಬಿಸುವುದನ್ನು ಬಿಟ್ಟು ನೋಡುತ್ತಿದ್ದರು. ಮನೆಗೆ ಬಂದು ಗೋದಾವರಿಯವರು ಪಾತ್ರೆ ಕುಕ್ಕುತ್ತ, "ಆ ಹೆಂಗಸಿನ ಸಹವಾಸ ಇನ್ನು ಸಾಕು" ಎನ್ನುವರು. ರಾತ್ರಿ ಊಟದ ಹೊತ್ತಿಗೆ, "ಆದ್ರೂ ಅವಳು ಹೇಳಿದ್ದೇ ಸರಿ ಕಣ್ರೀ" ಎನ್ನುವರು. ಅವರ ಅನುವಾದದ ಖಚಿತತೆಯನ್ನು ಇಂದು ಹೊಗಳುವವರು ಆ 'ನೇ'ಗಳಿಗೂ ಅರ್ಧ ಹೊಗಳಿಕೆ ಸಲ್ಲಿಸಬೇಕು.

ಕೊನೆಗೆ ಉಳಿದದ್ದು ಒಂದು ವಾಕ್ಯ. ವೆಸ್ನಾರ ಊರ ಬಯಲಿನಲ್ಲಿ ಗಾಳಿಗೆ ಗೋಧಿಯ ಹೊಲ ತೊನೆದಾಡುವ ವಾಕ್ಯ. ಗೋದಾವರಿಯವರು 'ಸ್ವೇ' ಎಂದರು. "ನಿಂತಲ್ಲೇ ಓಲಾಡೋದು, ಅದು ಒಂದು ತೆನೆಗೆ ಆಯ್ತು. ಇಡೀ ಹೊಲ ಆಡಿದರೆ?" ಎಂದರು ವೆಸ್ನಾ. ಆ ವರ್ಷ ಗೋದಾವರಿಯವರ ಮೇಲೆ ವಿಭಾಗದ ಮುಖ್ಯಸ್ಥರ ಹೊಣೆ ಬಿದ್ದಿತ್ತು; ಮೀಟಿಂಗುಗಳ ನಡುವೆ ಉಸಿರಾಡಲೂ ಪುರುಸೊತ್ತಿರಲಿಲ್ಲ. "ರಿಟೈರ್ ಆಗ್ತೀನಿ, ಆಮೇಲೆ ಕೂತು ನಿಧಾನವಾಗಿ ಜಗಳ ಆಡೋಣ" ಎಂದು ಫೋನಿನಲ್ಲಿ ಹೇಳಿದರು. ವೆಸ್ನಾ ಒಪ್ಪಿಕೊಂಡರು.

ಈ ಜನವರಿಯಲ್ಲಿ ವೆಸ್ನಾ ಅವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು; ಜೀವಮಾನವಿಡೀ ಕಲಿಸಿದ ಇಂಗ್ಲಿಷ್ ಉಳಿಯಲಿಲ್ಲ. ತಾಯ್ನುಡಿಯ ಚೂರುಪಾರು ಮಾತ್ರ ನಾಲಗೆಯಲ್ಲಿ ನಿಂತಿತು. ಈಗ ಅವರು ಹ್ಯೂಸ್ಟನ್ನಿನ ಆರೈಕೆ ಮನೆಯೊಂದರಲ್ಲಿದ್ದಾರೆ. ಗೋದಾವರಿಯವರು ಭಾನುವಾರ ತಪ್ಪದೆ ಹೋಗಿ, ತಲೆ ಬಾಚಿ, ಮೊಸರನ್ನ ತಿನ್ನಿಸಿ ಬರುತ್ತಾರೆ.

ನಿವೃತ್ತಿಯ ನಂತರದ ಮೊದಲ ಭಾನುವಾರ ಅವರು ಆ ವಾಕ್ಯವನ್ನು ತೆಗೆದುಕೊಂಡು ಹೋದರು. ಪ್ರಕಾಶಕರು ಅವಸರ ಮಾಡುತ್ತಿದ್ದರು. ಸರ್ಬಿಯನ್ನಿನಲ್ಲಿ ಓದಿ ಹೇಳಿದಾಗ ವೆಸ್ನಾರ ಮುಖ ಅರಳಿತು. ಗೋದಾವರಿಯವರು 'ಸ್ವೇ' ಎಂದರು. "ದಾ" ಎಂದರು ವೆಸ್ನಾ. ಹೌದು ಎಂದರ್ಥ. ಒಮ್ಮೆಗೇ ಒಪ್ಪಿದ್ದು ಕಂಡು ಇವರಿಗೆ ಅನುಮಾನ ಬಂತು. ತೊಟ್ಟಿಲಿನ 'ರಾಕ್' ಹೇಳಿದರು. "ದಾ." ಉಯ್ಯಾಲೆಯ 'ಸ್ವಿಂಗ್' ಹೇಳಿದರು. "ದಾ, ದಾ." ಕಡೆಗೆ, ಬೇಕೆಂದೇ, ಕೊಕ್ಕೆಗೆ ನೇತುಬಿದ್ದ ಚೀಲಕ್ಕೆ ಹೇಳುವ 'ಡ್ಯಾಂಗಲ್' ಎಂದರು. ಗೋಧಿಯ ಹೊಲಕ್ಕೆ ಆ ಪದ ಹಚ್ಚಿದ್ದರೆ ಹಿಂದಿನ ವೆಸ್ನಾ ಕಾಫಿ ಬಿಟ್ಟು ಎದ್ದು ಹೋಗುತ್ತಿದ್ದರು. ಈಗ ಗೆಳತಿಯ ಕೈ ಹಿಡಿದುಕೊಂಡು, ಪ್ರೀತಿಯಿಂದ, "ದಾ" ಎಂದರು.

ಮನೆಗೆ ಬಂದವರೇ ಗೋದಾವರಿಯವರು ಕಾರಿನ ಕೀಲಿಯನ್ನೂ ಕೈಯಿಂದ ಇಳಿಸದೆ ಸೋಫಾದ ಮೇಲೆ ಕುಳಿತರು. "ಎಲ್ಲದಕ್ಕೂ ಹೂಂ ಅಂತಾಳೆ ಕಣ್ರೀ" ಎಂದು ಅತ್ತರು. "ಒಪ್ಪಿದಳಲ್ಲ, 'ಸ್ವೇ' ಅಂತ ಹಾಕಿಬಿಡು" ಎಂದ ಸುಧೀಂದ್ರರಿಗೆ, "ಅದು ಒಪ್ಪಿಗೆ ಅಲ್ಲ" ಎಂದರು. ಪುಸ್ತಕ ಈಗ ಅಚ್ಚಿನಲ್ಲಿದೆ. ಆ ಒಂದು ವಾಕ್ಯ ಅದರಲ್ಲಿ ಸರ್ಬಿಯನ್ನಿನಲ್ಲಿಯೇ ಇದೆ. ಅದರ ಕೆಳಗೆ ಅನುವಾದವಿಲ್ಲ.

ಗೋದಾವರಿಯವರಿಗೆ ಭಗವಂತನು ಆಯುರಾರೋಗ್ಯಗಳನ್ನು ಕರುಣಿಸಲಿ, ಅವರು ಮನಸ್ಸಿನಲ್ಲಿಟ್ಟುಕೊಂಡಿರುವ ಕನ್ನಡದ ತೂಗಾಟದ ಪದಗಳ ಪುಸ್ತಕವೂ ಅವರ ಕೈಯಿಂದಲೇ ಹೊರಬರಲಿ ಎಂದು ಶಿಷ್ಯರೆಲ್ಲರೂ ಹಾರೈಸುತ್ತೇವೆ. ಅದನ್ನು ಬರೆಯುವಾಗ ಎದುರು ಕುಳಿತು, ಮುಲಾಜಿಲ್ಲದೆ ಇಲ್ಲ ಎನ್ನುವ ಇನ್ನೊಬ್ಬರು ಅವರಿಗೆ ಸಿಗಲಿ ಎಂದೂ ಹಾರೈಸಬೇಕು. ಅಂಥವರು ಶಿಷ್ಯರಾದ ನಮ್ಮೊಳಗೆ ಯಾರೂ ಇಲ್ಲ. ನಾವೆಲ್ಲ ಅವರ ಮಾತಿಗೆ ಹೂಂಗುಟ್ಟಿಯೇ ಬೆಳೆದವರು.