ಲೀಗಿಗೆ ನಾನು ಹುಡುಕಿಕೊಟ್ಟ ದೊಡ್ಡಾಳು

ಬೇಕಾದರೆ ಬರೆದುಕೊಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ಮುಂಬೈಯ ದಹಿಸರಿನ ನಮ್ಮ ಚಾಳಿನಲ್ಲಿ ಒಬ್ಬ ಮನುಷ್ಯನಿದ್ದ. ತನ್ನ ಒಂದೇ ಕೋಣೆಯ ಖೋಲಿಯೊಳಗೆ ಮಲಗಿದರೆ ಅವನ ಎರಡೂ ಕಾಲು ಹೊಸ್ತಿಲು ದಾಟಿ ಓಣಿಗೆ ಬರುತ್ತಿದ್ದವು. ಒಂದು ಮುಂಜಾನೆ ಪಕ್ಕದ ಮನೆಯ ಮಾವಶಿ ಅವನ್ನು ಯಾರೋ ತಂದಿಟ್ಟ ಬಿದಿರು ಎಂದುಕೊಂಡು ಒದ್ದೆ ಟವೆಲ್ ಹಾಕಿಹೋದಳು. ಅವನಿಗೆ ಎಚ್ಚರವಾಯಿತು. ಆದರೂ ಟವೆಲ್ ಒಣಗುವ ತನಕ ಕಾಲು ಅಲ್ಲಾಡಿಸಲಿಲ್ಲ. ಎತ್ತರ ಏಳಡಿ.

ಸರಿ, ಆರಡಿ ಎಂಟಿಂಚು.

ಆಯಿತಪ್ಪಾ, ಆರೂವರೆ. ಟೇಪು ಹಿಡಿದು ಅಳೆದದ್ದು, ಇದರ ಕೆಳಗೆ ನಾನು ಇಳಿಯುವುದಿಲ್ಲ. ಟವೆಲ್ ಒಣಗುವ ತನಕ ಎನ್ನುವ ಭಾಗ ಮಾತ್ರ ನಾನು ಸೇರಿಸಿದ್ದು.

ಅವನು ನನಗೆ ಮಾಮಾ. ಅವ್ವನ ಸ್ವಂತ ತಮ್ಮನಲ್ಲ. ವಿಜಯಪುರದ ಕಡೆಯ ಅವಳ ಊರಿನವನು, ಒಂದೇ ಓಣಿಯವನು, ಅಷ್ಟು ಸಾಕು. ಅವಳಿಗೆ ಅಕ್ಕ ಅನ್ನುತ್ತಿದ್ದ, ನನಗೆ ಅಳಿಯ. ಕೆಲಸ ಪಿಒಪಿ ಸೀಲಿಂಗು. ಉಳಿದವರು ಎರಡು ಡ್ರಮ್ಮು ನಿಲ್ಲಿಸಿ ಮೇಲೆ ಹಲಗೆ ಹಾಕಿ ಹತ್ತಿದರೆ, ಇವನಿಗೆ ಬಣ್ಣದ ಒಂದು ಡಬ್ಬಿ ಸಾಕು. ಕೆಳಗಿನವನು ಕಲಸಿದ ಪ್ಲಾಸ್ಟರ್ ತುಂಬಿದ ಬಾಂಡ್ಲಿಯನ್ನು, ಅಂದರೆ ಘಮೇಲಾವನ್ನು, ಮೇಲಕ್ಕೆ ತೂರುತ್ತಾನೆ, ಮೇಲಿನವನು ಹಿಡಿಯಬೇಕು. ಮಾಮಾ ಹಿಡಿದರೆ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಆ ಕೈಗಳನ್ನು ನೋಡಿಯೇ ನನ್ನ ತಲೆ ಕೆಟ್ಟದ್ದು.

ನನ್ನ ಬಗ್ಗೆಯೂ ಹೇಳಬೇಕು. ಹದಿನಾರು ವರ್ಷ, ಐದಡಿ ನಾಲ್ಕಿಂಚು, ಬಾಯಿ ಮಾತ್ರ ಲೀಗ್ ಮಟ್ಟದ್ದು. ಸಾಂತಾಕ್ರೂಜಿನ ಒಂದು ಕ್ಲಬ್ಬಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತೇನೆ. ಆಡುತ್ತೇನೆ ಅಂದರೆ ಹೆಚ್ಚಾಗಿ ಬೆಂಚಿನ ಮೇಲೆ ಕೂತು ಆಡುವವರಿಗೆ ಸಲಹೆ ಕೊಡುತ್ತೇನೆ. ನಮ್ಮ ಕೋಚ್ ಮಂಗಳೂರು ಕಡೆಯವರು. ನಮ್ಮ ದೇಶದ ಪ್ರೊಫೆಶನಲ್ ಲೀಗಿನ ಒಂದು ತಂಡಕ್ಕೆ ಆಟಗಾರರನ್ನು ಹುಡುಕಿಕೊಡುವ ಕೆಲಸವೂ ಅವರದೇ. ಅವರಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ದುಃಖ: ಬುಟ್ಟಿಯ ಕೆಳಗೆ ನಿಲ್ಲುವ ದೊಡ್ಡಾಳು ಸಿಗುವುದಿಲ್ಲ.

"ಉದ್ದ ಇದ್ದವನಿಗೆ ಓಡ್ಲಿಕ್ಕೆ ಆಗುದಿಲ್ಲ, ಓಡುವವನಿಗೆ ಉದ್ದ ಇಲ್ಲ," ಎಂದು ಚಹಾ ಕುಡಿಯುವಾಗೆಲ್ಲ ಹೇಳುತ್ತಿದ್ದರು. "ನಮ್ಮಲ್ಲಿ ಆರಡಿ ಮೂರಿಂಚಿನವ ಸೆಂಟರ್ ಆಡುದು. ಹೊರದೇಶದಲ್ಲಿ ಅಷ್ಟು ಎತ್ತರದವ ತಂಡದಲ್ಲಿ ಕುಳ್ಳ ಮಾರಾಯ, ಕುಳ್ಳ! ಎಂತ ಮಾಡುದು?"

"ಸರ, ನಮ್ಮ ಮಾಮಾ ಒಬ್ಬಾಂವ ಅದಾನ್ರಿ," ಅಂದೆ. "ಏಳಡಿ."

"ನಿನ್ನ ಏಳಡಿಯಲ್ಲಿ ನಾನು ಒಂದಡಿ ಕಳೀತೇನೆ."

"ಕಳದ್ರೂ ಆರು ಉಳೀತಾವಲ್ರಿ."

ಕೋಚ್ ಚಹಾದ ಗ್ಲಾಸು ಕೆಳಗಿಟ್ಟರು. "ಆಡಿ ಗೊತ್ತುಂಟಾ?"

"ಊರಾಗ ವಾಲಿಬಾಲ್‌ದಾಗ ಹುಲಿ ಸರ. ವಯಸ್ಸು ಇಪ್ಪತ್ತೆರಡು. ಒಂದು ದಿನ ಜ್ವರ ಬಂದಿಲ್ರಿ, ಮೈಯಾಗ ಏನೂ ಐಬಿಲ್ಲ."

ವಾಲಿಬಾಲ್ ನಿಜ. ವಯಸ್ಸು ಇಪ್ಪತ್ತೇಳು. ಐಬಿನ ಮಾತಿಗೆ ಆಮೇಲೆ ಬರುತ್ತೇನೆ. ಬರಲೇಬೇಕು, ಬಾರದೆ ದಾಟಿಹೋಗಲು ಹಲವು ಸಲ ನೋಡಿದ್ದೇನೆ.

"ಕರ್ಕೊಂಡು ಬಾ," ಅಂದರು ಕೋಚ್. "ಅವ ನೀನು ಹೇಳಿದ ಹಾಗೆ ಇದ್ರೆ ಜೂನಿಯರ್ ಕ್ಯಾಂಪಿಗೆ ನಿನ್ನ ಹೆಸರು ನಾನೇ ಬರೀತೇನೆ."

ಜೂನಿಯರ್ ಕ್ಯಾಂಪ್ ಅಂದರೆ ಲೀಗ್ ತಂಡದ ಬಾಗಿಲು. ನನ್ನ ಆಟ ನೋಡಿ ಅದನ್ನು ತೆರೆಯುವವರು ಯಾರೂ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಈಗ ಐಬು. ಅದಕ್ಕೆ ಹತ್ತು ತಿಂಗಳ ಹಿಂದೆ ಒಂದು ಹೋಟೆಲಿನ ಸೀಲಿಂಗ್ ಕೆಲಸದಲ್ಲಿ ಹಲಗೆ ಸರಿದು ಮಾಮಾ ಬಿದ್ದಿದ್ದ. ಬಲಮೊಣಕಾಲು ತೆಂಗಿನಕಾಯಿಯಷ್ಟು ಊದಿತು. ಇಲ್ಲಿ ಹೆಚ್ಚಿಸಿ ಹೇಳುತ್ತಿಲ್ಲ. ನಮ್ಮ ಖೋಲಿಯಲ್ಲೇ ಒಂದು ತಿಂಗಳು ಮಲಗಿದ. ಅವ್ವ ದಿನಾ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ಆಸ್ಪತ್ರೆಯ ಡಾಕ್ಟರ್ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಕಾಗದ ಓದಿದವನು ನಾನು. ಮಾಮಾನಿಗೂ ಅವ್ವನಿಗೂ ಇಂಗ್ಲಿಷ್ ಬರುವುದಿಲ್ಲ. ಒಳಗಿನ ನರ ಅರ್ಧ ಹರಿದಿದೆ, ನಡೆಯಬಹುದು, ನಿಂತು ಕೆಲಸ ಮಾಡಬಹುದು, ಜಿಗಿಯಬಾರದು. ಅವ್ವ ಎರಡನೇ ಸಲ ಓದಿಸಿದಳು. ಎರಡನೇ ಸಲವೂ ಅಷ್ಟೇ ಓದಿದೆ.

ನಾನು ಮಾತು ತೆಗೆದಾಗ ಮಾಮಾ ಮೊದಲು ನಕ್ಕ. ಎತ್ತರದ ಬಗ್ಗೆ ಯಾರು ಏನಂದರೂ ನಗುವುದು ಅವನ ರೂಢಿ. ಕನ್ಯೆ ನೋಡಲು ಹೋದರೆ ಕೂತಿರುವಷ್ಟು ಹೊತ್ತು ಎಲ್ಲ ಸರಿ, ಎದ್ದು ನಿಂತ ಕೂಡಲೇ ಹುಡುಗಿಯ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚುತ್ತಿದ್ದಳಂತೆ.

"ನನ್ನಂಥವ್ರು ಬೇಕಾಗ್ಯಾರೇನೋ ಯಾರಿಗರ?" ಅಂದ.

"ಬೇಕಾಗ್ಯಾರಂದ್ರೇನು ಮಾಮಾ, ಬರಗಾಲ ಬಿದ್ದೈತಿ! ಇಡೀ ದೇಶ ಹುಡುಕಾಕತ್ತೈತಿ. ನೀ ಹೋಗಿ ನಿಂತ್ರ ಸಾಕು, ಕೈ ಮುಗೀತಾರ."

ಅವನು ಎದ್ದು ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತ. ಅವನು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ತಲೆ ಟ್ಯೂಬ್‌ಲೈಟಿಗೆ ತಾಗಿತು.

ಮುಂಜಾನೆ ಆರಕ್ಕೆ ಹತ್ತಿರದ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ, ಅಲ್ಲಿನ ಹುಡುಗರಿಬ್ಬರನ್ನು ಎದುರಾಳಿ ಮಾಡಿಕೊಂಡು, ಕಲಿಸಲು ಶುರುಮಾಡಿದೆ. ನಾನು ಬುಟ್ಟಿಗೆ ಎಸೆಯಬೇಕು, ತಪ್ಪಿ ವಾಪಸು ಪುಟಿದ ಬಾಲನ್ನು ಅವನು ಹಿಡಿಯಬೇಕು. ತಪ್ಪಿ ಎಸೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವನು ಎರಡೂ ಕೈಯೆತ್ತಿ ಘಮೇಲಾ ಹಿಡಿದ ಹಾಗೆ ಹಿಡಿಯುತ್ತಿದ್ದ, ಸಪ್ಪಳವಿಲ್ಲ. ಹಿಡಿದ ಮೇಲೆ ಮಾತ್ರ ಪಕ್ಕದಲ್ಲಿ ಯಾರಿದ್ದರೆ ಅವರ ಕೈಗೆ ಮರ್ಯಾದೆಯಿಂದ ಕೊಟ್ಟುಬಿಡುತ್ತಿದ್ದ. ಎದುರಾಳಿಗೂ.

"ಮಾಮಾ, ಆಂವ ವೈರಿ!"

"ಹತ್ರ ಇದ್ನಲ್ಲೋ. ಕೈ ಚಾಚಿದ್ದ."

ಬಾಲಿಗೆ ಕಾಲು ತಾಗಿದರೆ ಆಟ ನಿಲ್ಲಿಸಿ ಬಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ನಾನು ನಕ್ಕು ಸಾಯುತ್ತಿದ್ದೆ. ಅನ್ನ ಕೊಡುವ ವಸ್ತು, ಕಾಲು ತಾಗಿಸಬಾರದು ಅನ್ನುತ್ತಿದ್ದ. ಅದು ಇನ್ನೂ ಏನೂ ಕೊಟ್ಟಿರಲಿಲ್ಲ, ಕೊಡುತ್ತದೆ ಎಂದು ಹೇಳಿದವನು ನಾನು.

ಮೂರನೇ ದಿನ ಜಿಗಿದು ಹಿಡಿ ಅಂದೆ. ಅವನು ಜಿಗಿಯಲಿಲ್ಲ. ಆಧಾರ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಿಂದ ಆ ಕಾಗದ ತೆಗೆದ.

"ಅಳಿಯಾ, ಜಿಗದ್ರ ನಡೀತದೇನು? ಡಾಕ್ಟರ್ ಬ್ಯಾಡ ಅಂದಿದ್ರು. ಇನ್ನೊಮ್ಮಿ ಓದು."

ನಾನು ಹುಬ್ಬು ಗಂಟಿಕ್ಕಿ ಓದಿದೆ. ಜಿಗಿಯಬಾರದು ಎಂದು ಇದ್ದಲ್ಲೇ ಇತ್ತು. ಅದರ ಕೆಳಗೆ ಡಾಕ್ಟರ್ ಕೂರುವ ವೇಳೆ ಅಚ್ಚಾಗಿತ್ತು.

"ತಡಿ ಮಾಮಾ... ಹಾಂ, ಕೆಳಗ ಬರದಾರ ನೋಡು. ಆರು ತಿಂಗಳ ಮಟಾ ಜಿಗೀಬಾರದು ಅಂತ. ಅವತ್ತು ನಾ ಪೂರಾ ಓದಿದ್ದಿಲ್ಲ."

"ಆರು ಮುಗದು ಹೋದುವಲ್ಲೋ!"

"ಹತ್ತಾದುವು."

ಅವನು ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚಿದ. "ಓದಿದವ್ರು ಒಬ್ರು ಇರಬೇಕು ನೋಡು ಮನ್ಯಾಗ," ಅಂದ.

ಈ ಕತೆಯನ್ನು ಕ್ಲಾಸಿನಲ್ಲಿ ಐದಾರು ಸಲ ಹೇಳಿದ್ದೇನೆ. ಟವೆಲಿಗೆ ನಗುತ್ತಾರೆ, ಬಾಲಿಗೆ ನಮಸ್ಕಾರ ಮಾಡಿದ್ದಕ್ಕೆ ಬೆಂಚು ಬಡಿಯುತ್ತಾರೆ. ಕಾಗದ ಓದಿದ್ದನ್ನು ಯಾರಿಗೂ ಹೇಳಿಲ್ಲ. ಅದರಲ್ಲಿ ನಗುವ ಜಾಗ ಎಲ್ಲೂ ಸಿಗಲಿಲ್ಲ.

"ಅವ್ವಗ ಹೇಳಬ್ಯಾಡ," ಎಂದು ಅವನಿಂದ ಮಾತು ತೆಗೆದುಕೊಂಡೆ. "ಸೆಲೆಕ್ಟ್ ಆದ ಮ್ಯಾಲೆ ಪೇಢಾ ಒಯ್ದು ಒಮ್ಮಿಗೇ ಹೇಳೂಣು."

ಟ್ರಯಲ್ಲಿನ ದಿನ ಮಾಮಾ ಕೆಲಸಕ್ಕೆ ರಜೆ ಹಾಕಿದ. ದಹಿಸರಿನಲ್ಲಿ ಸ್ಲೋ ಲೋಕಲ್ ಟ್ರೈನ್ ಹತ್ತಿದೆವು. ಡಬ್ಬಿಯಲ್ಲಿ ಅವನನ್ನು ಕಂಡ ಕೂಡಲೇ ಜನ ತಮ್ಮ ತಮ್ಮ ಬ್ಯಾಗುಗಳನ್ನು ಅವನ ಕೈಗೆ ಕೊಟ್ಟರು, ಮೇಲಿನ ಕಂಬಿಯ ಮೇಲಿಡಲು. ನಲವತ್ತು ಬ್ಯಾಗು. ಹನ್ನೆರಡು ಅನ್ನಿ. ಅಂಧೇರಿ ಬಂದಾಗ ಅಷ್ಟನ್ನೂ ಇಳಿಸಿಕೊಟ್ಟ, ಒಬ್ಬೊಬ್ಬರಿಗೂ ಸರಿಯಾದದ್ದನ್ನೇ.

ಸಾಂತಾಕ್ರೂಜಿನಲ್ಲಿ ಇಳಿದ ಮೇಲೆ, "ಒಂದು ನಿಮಿಷ" ಎಂದು ಪ್ಲಾಟ್‌ಫಾರ್ಮಿನ ತುದಿಗೆ ಹೋದ. ಚಪ್ಪಲಿ ಬಿಟ್ಟು ಪಕ್ಕಕ್ಕಿಟ್ಟ, ಫೋನು ಕಿವಿಗೆ ಹಚ್ಚಿದ, ಮಾತಾಡುತ್ತಲೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಹೊಸ ಕೆಲಸಕ್ಕೆ ಹೊರಟಿದ್ದಾನೆ, ಹಿರಿಯರ ಆಶೀರ್ವಾದವಿಲ್ಲದೆ ಹೋಗಲಾರ. ಊರಿನ ಮುದುಕಿಗೆ, ಅವನ ತಾಯಿಗೆ ಮಾಡಿದ್ದು ಎಂದುಕೊಂಡೆ. ಫೋನಿಗೆ ಸಾಷ್ಟಾಂಗ ಹಾಕುವುದೊಂದು ಬಾಕಿ ಎಂದು ರೇಗಿಸಿದೆ ಕೂಡ.

ಕ್ಲಬ್ಬಿನ ಹಾಲಿನಲ್ಲಿ ಆರು ಜನ ದೊಡ್ಡಾಳುಗಳು ಸಾಲು ನಿಂತಿದ್ದರು. ನೋಡಬೇಕಿತ್ತು ಆ ದೊಡ್ಡಾಳುಗಳನ್ನು! ಒಬ್ಬ ಮೂರು ಜೊತೆ ಕಾಲುಚೀಲ ಹಾಕಿದ್ದ. ಇನ್ನೊಬ್ಬನ ಕೂದಲು ಜೆಲ್ ಹಚ್ಚಿ ಅರ್ಧ ಅಡಿ ಮೇಲೆದ್ದಿತ್ತು. ಕೋಚ್ ಸ್ಕೇಲಿನಿಂದ ಅದನ್ನು ಒತ್ತಿ, "ಇದು ಕೊತ್ತಂಬರಿ ಕಟ್ಟು, ಎತ್ತರಕ್ಕೆ ಲೆಕ್ಕ ಇಲ್ಲ," ಅಂದರು. ಆಗ ಮಾಮಾ ಒಳಗೆ ಬಂದ. ಬಾಗಿಲು ಎಂಟಡಿ ಇತ್ತು, ಆದರೂ ಬಗ್ಗಿಯೇ ಬಂದ, ಆಮೇಲೆ ಎದ್ದು ನಿಂತ. ಕೋಚ್ ಕುರ್ಚಿಯಿಂದ ಎದ್ದರು. ಯಾರೂ ನಗಲಿಲ್ಲ. ಒಬ್ಬ ಮನುಷ್ಯ ಎದ್ದು ನಿಂತದ್ದಕ್ಕೆ ಇಡೀ ಹಾಲು ಸುಮ್ಮನಾದದ್ದನ್ನು ಅವನು ಬದುಕಿನಲ್ಲಿ ಮೊದಲ ಸಲ ಕಂಡಿರಬೇಕು. ಕಿವಿ ಕೆಂಪಾದವು.

ಬಾಲ್ ಹಿಡಿಯುವುದರಲ್ಲಿ ಆರೂ ಜನ ಅವನ ಹತ್ತಿರ ಬರಲಿಲ್ಲ. ಯಾರಾದರೂ ತಳ್ಳಿದಾಗ ಮಾತ್ರ ತಿರುಗಿ ತಾನೇ "ತಪ್ಪಾತ್ರಿ" ಅನ್ನುತ್ತಿದ್ದ. ಕೊನೆಗೆ ಉಳಿದದ್ದು ಜಿಗಿತ. ಗೋಡೆಗೆ ಹಚ್ಚಿದ ಅಳತೆಪಟ್ಟಿ, ಮೂರು ಅವಕಾಶ.

ಮೊದಲನೆಯದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದರಲ್ಲಿ ಎಡಗಾಲ ಮೇಲಷ್ಟೇ ಇಳಿದ. ಕುಂಟಲಿಲ್ಲ, ಆದರೆ ನಾನು ನಿಂತಲ್ಲಿಗೆ ಬಹಳ ನಿಧಾನ ನಡೆದು ಬಂದ.

"ಅಳಿಯಾ, ಒಳಗ ಏನೋ ಟಕ್ ಅಂತು."

ಕೋಚ್ ಆ ಕಡೆಯಿಂದ ಕೂಗಿದರು: "ಮೂರನೇದು ಆಗ್ಲಿ, ಇಬ್ಬರ ಹೆಸರೂ ಇವತ್ತೇ ಬರೀತೇನೆ!"

ಇಬ್ಬರದೂ.

"ಒಂದಽ ಒಂದು ಮಾಮಾ," ಅಂದೆ.

"ಆರು ತಿಂಗಳು ಅಂತಽ ಬರದಾರಲ್ಲ? ಹೌದಿಲ್ಲೋ?"

ನನ್ನ ಮುಖವನ್ನೇ ನೋಡುತ್ತಿದ್ದ. ಆ ಕ್ಷಣದಲ್ಲೂ ಹೇಳಬಹುದಿತ್ತು. ಎರಡು ಸೆಕೆಂಡಿನ ಕೆಲಸ.

"ಹೌದು ಮಾಮಾ."

ಅವನು ಹೋಗಿ ಜಿಗಿದ. ಕೈ ಎಲ್ಲಿಗೆ ಮುಟ್ಟಿತು ಎಂದು ಯಾರೂ ನೋಡಲಿಲ್ಲ. ಕೆಳಗೆ ಬರುವಾಗ ಮೊಣಕಾಲು ಪಕ್ಕಕ್ಕೆ ಹೋಯಿತು, ಕಾಲು ಹೋಗಬಾರದ ದಿಕ್ಕಿಗೆ. ಆರೂವರೆ ಅಡಿಯ ಮನುಷ್ಯ ನೆಲಕ್ಕೆ ಬಿದ್ದರೆ ಎಷ್ಟು ಸದ್ದಾಗುತ್ತದೆ ಎಂದು ಬೇರೆ ದಿನವಾದರೆ ನಾನು ಒಂದು ಪುಟ ಬರೆಯುತ್ತಿದ್ದೆ. ಅವನು ಕೂಗಲಿಲ್ಲ. ಸುತ್ತ ನೋಡಿ, "ಏನಿಲ್ರಿ, ಏನಿಲ್ರಿ," ಅಂದ. ಯಾರೋ ಐಸ್ ತಂದರು. ಕೋಚ್ ಮೊಣಕಾಲು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು: "ಇದು ಹಳೇ ಪೆಟ್ಟು ಮಾರಾಯ. ನೀನು ಎಂತ ಹೇಳಿದ್ದು ನನಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಬಾಗಿಲಲ್ಲಿ ಅವ್ವ ಕಂಡಳು.

ಸ್ಟೇಶನ್ನಿನಿಂದ ಮಾಮಾ ಫೋನು ಮಾಡಿದ್ದು ಅವಳಿಗೇ. ನನಗೆ ಕೊಟ್ಟ ಮಾತು ಒಂದು ಕಡೆ, ಅಕ್ಕನ ಆಶೀರ್ವಾದ ಒಂದು ಕಡೆ, ಅವನಿಗೆ ಎರಡನೆಯದು ದೊಡ್ಡದಾಗಿತ್ತು. ಅವಳು ದಾದರಿನ ಖಾನಾವಳಿಗೆ ರೊಟ್ಟಿ ಕೊಡಲು ಹೊರಟು ಟ್ರೈನಿನಲ್ಲಿದ್ದಳು. ಜಿಗಿತದ ಮಾತು ಕೇಳಿ ನಡುವೆ ಸಾಂತಾಕ್ರೂಜಿನಲ್ಲೇ ಇಳಿದು, ಆಟೋದವರನ್ನು "ಲಂಬೇ ಲೋಗ್ ಕಿಧರ್ ಕೂದ್ತೇ ಭಾಯ್?" ಎಂದು ಉದ್ದಾಳುಗಳು ಜಿಗಿಯುವ ಜಾಗ ಕೇಳುತ್ತ ಬಂದಿದ್ದಳು. ತಡವಾಗಿ ಬಂದಿದ್ದಳು, ಐದು ನಿಮಿಷ.

ರೊಟ್ಟಿಯ ಚೀಲ ಇಳಿಸಿ ನೆಲದ ಮೇಲೆ ಕೂತಳು. ಮಾಮಾನ ಕಾಲು ತೊಡೆಯ ಮೇಲೆ ತೆಗೆದುಕೊಂಡಳು.

"ಯಾಕ ಜಿಗದಿ? ಜಿಗೀಬ್ಯಾಡ ಅಂತ ಬರದಿದ್ರಲ್ಲೋ."

"ಅದು ಆರು ತಿಂಗಳ ಮಟಾ ಅಷ್ಟಽ ಅಕ್ಕಾ. ಕೆಳಗ ಬರದಾರ. ಅಳಿಯ ಓದಿ ಹೇಳ್ದ."

ಅವ್ವನ ಕೈ ಮೊಣಕಾಲ ಮೇಲೆ ನಿಂತಿತು. ನನ್ನನ್ನು ನೋಡಿದಳು. ಅವಳು ಏನೂ ಕೇಳಲಿಲ್ಲ, ಹಾಗಾಗಿ ನನಗೆ ಸುಳ್ಳು ಹೇಳಲೂ ಜಾಗ ಸಿಗಲಿಲ್ಲ. ಮಾಮಾ ಅವಳ ಮುಖ ನೋಡಿದ, ಆಮೇಲೆ ನನ್ನದು, ಮತ್ತೆ ಅವಳದು. ಯಾರ ಮೇಲಾದರೂ ಸಂಶಯಪಡುವುದಕ್ಕೆ ಅವನಿಗೆ ಬಹಳ ಹೊತ್ತು ಬೇಕು.

"ಏಳು," ಅಂದಳು ಅವ್ವ, ತಾನೂ ಏಳುತ್ತ.

ಏಳುವುದಕ್ಕೆಂದು ಅವನು ಆಗಲೇ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದ. ಆ ದೊಡ್ಡ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಎದ್ದಿತು. ಅವನು ಗೋಡೆ ಹಿಡಿದು ಒಂಟಿಗಾಲಲ್ಲಿ ನಿಂತ. ಅವ್ವ ನನಗಿಂತ ಗೇಣು ಕುಳ್ಳಿ, ಅವಳ ಹೆಗಲಿಗೆ ಕೈ ನಿಲುಕಿಸಲು ಅವನು ಪೂರಾ ಬಗ್ಗಬೇಕಾಯಿತು. ಬಗ್ಗಿದ.